ಒಂಬತ್ತು ಕೊಡುವ ಆಟ

ನನ್ನ ತಮ್ಮನೇ ನನ್ನ ಅಳಿಯ. ನಮ್ಮ ಕಡೆ ಇದು ಹೊಸದೇನಲ್ಲ. ಸೋದರಮಾವ ಮನೆಯಲ್ಲೇ ಇರುವಾಗ ಹೊರಗೆ ವರ ಯಾಕೆ ಹುಡುಕಬೇಕು ಎಂದು ಹಿರಿಯರು ಹೇಳಿದರು, ನಾನೂ ಹೂಂ ಅಂದೆ. ನನಗಿಂತ ಹದಿನೈದು ವರ್ಷ ಚಿಕ್ಕವನು. ಅವ್ವ ಹಾಸಿಗೆ ಹಿಡಿದ ಮೇಲೆ ಅವನ ಮೂಗು ಒರೆಸಿದವಳು ನಾನು. ಮಗ್ಗದ ಕೆಳಗೆ ಕಾಲಿಳಿಬಿಡುವ ಕುಣಿಯಲ್ಲಿ ಇಳಿಸಿ ಲಾಳಿ ಎಸೆಯಲು ಕಲಿಸಿದವರು ನನ್ನ ಗಂಡ. ಹೀಗಾಗಿ ಅವನನ್ನು ಬೈಯಲು ನನಗೆ ಅಕ್ಕನ ಅಧಿಕಾರವೂ ಇದೆ, ಅತ್ತೆಯ ಅಧಿಕಾರವೂ ಇದೆ. ಎರಡನ್ನೂ ಬಳಸಿದ್ದೇನೆ. ಸಾಲಲಿಲ್ಲ.

ಧಾರವಾಡದಲ್ಲಿ ನರ್ಸಿಂಗ್ ಓದುವ ಮೊಮ್ಮಗಳು ನಾನು ಬರೆಯುತ್ತಿರುವುದು ಕಂಡು, "ಆಯಿ, ಮನಿ ಮಾನ ಯಾಕ ಕಳೀತಿ?" ಎಂದಳು. ಕಳೆಯುವವರು ಕಳೆದಾಗಿದೆ. ನಾನು ಇದ್ದದ್ದನ್ನು ಬರೆಯುತ್ತೇನೆ.

ಬೆಟಗೇರಿಯಲ್ಲಿ ನಮ್ಮ ಮನೆ. ಮುಂದಿನ ಖೋಲಿಯಲ್ಲಿ ಎರಡು ಮಗ್ಗ. ಒಂದು ತಮ್ಮನದು, ಒಂದು ಮಗಳದು. ನಾನು ರಾಟೆಯ ಮುಂದೆ ಕುಳಿತು ಇಬ್ಬರಿಗೂ ಕಂಡಿಕೆ ಸುತ್ತುತ್ತೇನೆ. ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕೊಳವೆಗೆ ನಾವು ಕಂಡಿಕೆ ಅನ್ನುವುದು. ನೂಲು ನಮ್ಮದಲ್ಲ. ಸಾವಕಾರರು ತೂಗಿ ಕೊಡುತ್ತಾರೆ, ನಾವು ಸೀರೆ ನೇಯ್ದು ತೂಗಿಸಿ ಒಪ್ಪಿಸುತ್ತೇವೆ. ಹೋದ ತೂಕಕ್ಕೂ ಬಂದ ತೂಕಕ್ಕೂ ತಾಳೆಯಾಗಬೇಕು. ಮನೆಯಲ್ಲಿ ಹಿಟ್ಟಿಲ್ಲದಿದ್ದರೂ ಸಾವಕಾರರ ರೇಷ್ಮೆ ಮುಟ್ಟಬಾರದು, ಇದು ನೇಕಾರರ ಮನೆಯಲ್ಲಿ ಮಕ್ಕಳಿಗೆ ಮಾತು ಬರುವ ಮೊದಲೇ ಗೊತ್ತಿರುತ್ತದೆ. ಮುಟ್ಟಿದ ಮನೆಗೆ ಒಬ್ಬರು ನೂಲು ನಿಲ್ಲಿಸಿದರೆ ಊರಲ್ಲಿ ಇನ್ನೊಬ್ಬರೂ ಕೊಡುವುದಿಲ್ಲ. ನನ್ನ ಮಗಳಿಗೆ ಮಗ್ಗ ಬಿಟ್ಟರೆ ಬೇರೆ ಕೆಲಸ ಬರುವುದಿಲ್ಲ, ಅವಳಿಗೆ ಬೇಕಾಗಿಯೂ ಇಲ್ಲ. ನೇಯ್ದ ಸೀರೆಯ ಮೂಲೆಗೆ ಒಬ್ಬೊಬ್ಬರೂ ಒಂದೊಂದು ಬಣ್ಣದ ದಾರ ಗಂಟು ಹಾಕುತ್ತೇವೆ, ಯಾರ ಕೈಯದು ಎಂದು ತಿಳಿಯಲಿ ಅಂತ. ಮಗಳ ಗಂಟು ಹಸಿರು. ಹಸಿರು ಗಂಟಿನ ಸೀರೆಯನ್ನು ಸಾವಕಾರರು ಬಿಚ್ಚಿ ಸಹ ನೋಡುತ್ತಿರಲಿಲ್ಲ. ತೂಗಿ, ಹಾಗೇ ಒಳಗಿಡುತ್ತಿದ್ದರು. ಇಪ್ಪತ್ತು ವರ್ಷ ಕುಣಿಯಲ್ಲಿ ಕಾಲಿಳಿಬಿಟ್ಟು ಅವಳು ಗಳಿಸಿದ್ದು ಅಷ್ಟೇ. ಅದನ್ನು ಕಳೆಯಲು ನನ್ನ ತಮ್ಮನಿಗೆ ಎಂಟು ತಿಂಗಳು ಸಾಕಾಯಿತು. ನಾನೂ ಕೈ ಹಚ್ಚಿದೆ.

ಹೋದ ವರ್ಷ ನನ್ನ ಬಲಗಣ್ಣಿನ ಪೊರೆ ತೆಗೆಸಿದರು. ಗದಗಿನ ದವಾಖಾನೆಯಿಂದ ಬಂದು ಪಟ್ಟಿ ಬಿಚ್ಚಿದಾಗ ಗೋಡೆಯ ಬಿರುಕು, ಮಗಳ ತಲೆಯ ಬಿಳಿಕೂದಲು, ಪಾತ್ರೆಯ ತಳದ ಮಸಿ ಎಲ್ಲ ಒಮ್ಮೆಲೇ ಕಂಡವು. ತಮ್ಮನಿಗೆ ನಲವತ್ತೇಳಕ್ಕೇ ಹತ್ತಿರದ್ದು ಕಾಣುವುದಿಲ್ಲ, ಚಾಳೀಸು ಹಾಕಿಕೊಳ್ಳಲು ನಾಚಿಕೆ. ಒಂದು ಮಧ್ಯಾಹ್ನ ಮೊಬೈಲು ತಂದು ನನ್ನ ಮುಖಕ್ಕೆ ಹಿಡಿದ.

"ಅಕ್ಕಾ, ಈ ಸಣ್ಣ ಅಂಕಿ ಏನೇನ ಅದಾವ ಓದು."

"ಏನದು, ಕರೆಂಟ್ ಬಿಲ್ಲಾ?"

"ಬಿಲ್ಲಲ್ಲ. ಇಸ್ಪೀಟು."

"ಮೊಬೈಲಿನ್ಯಾಗ ಇಸ್ಪೀಟಾ? ಯಾರ ಕೂಡ ಆಡತಿ?"

"ಯಾರ ಕೂಡನೂ ಅಲ್ಲ. ಮಷೀನ್ ಕೂಡ."

"ಮಂದಿ ಕೂಡ ಆಡಿ ಸೋತದ್ದು ಸಾಲಲಿಲ್ಲೇನು?"

ನಕ್ಕ. ಅವನು ನಕ್ಕರೆ ಕೆನ್ನೆಯಲ್ಲಿ ಕುಳಿ ಬೀಳುತ್ತದೆ, ಸಣ್ಣವನಿದ್ದಾಗಿನಿಂದ. ಆ ಕುಳಿಗೆ ಬೆಂಕಿ ಹಾಕಬೇಕು.

ಆಟ ಹೀಗೆ. ರೊಕ್ಕ ಕಟ್ಟಿ ಗುಂಡಿ ಒತ್ತಿದರೆ ಐದು ಎಲೆ ಬರುತ್ತವೆ. ಬೇಕಾದವನ್ನು ಇಟ್ಟುಕೊಂಡು ಬೇಡವಾದವನ್ನು ಒಂದು ಸಲ ಬದಲಿಸಬಹುದು. ಗುಲಾಮನ ಜೋಡಿ, ಇಲ್ಲವೇ ಅದಕ್ಕಿಂತ ದೊಡ್ಡ ಜೋಡಿ ಬಂದರೆ ಕಟ್ಟಿದ್ದು ವಾಪಸು. ಐದೂ ಬದಾಮು, ಅಥವಾ ಐದೂ ಚೌಕಟು, ಹೀಗೆ ಒಂದೇ ಗುರುತಿನವು ಬಂದರೆ ಆರು ಪಟ್ಟು. ಮೂರು ರಾಣಿ, ಎರಡು ಎಕ್ಕಾ, ಹೀಗೆ ಮೂರೊಂದು ಥರ ಎರಡೊಂದು ಥರ ಬಂದರೆ ಒಂಬತ್ತು ಪಟ್ಟು. ಇದೆಲ್ಲ ಎಲೆಗಳ ಮೇಲೆ ಒಂದು ಪಟ್ಟಿಯಲ್ಲಿ ಇರುವೆ ಸಾಲಿನ ಹಾಗೆ ಬರೆದಿರುತ್ತದೆ. ಹೆಸರು ಇಂಗ್ಲಿಷಿನಲ್ಲಿ ಇದ್ದರೂ ಅಂಕಿ ಅಂಕಿಯೇ. ನಾಲ್ಕನೇ ಇಯತ್ತೆಗೆ ಸಾಲೆ ಬಿಡಿಸಿದರೂ ಅಂಕಿ ನನ್ನನ್ನು ಬಿಟ್ಟಿಲ್ಲ.

ಆ ಪಟ್ಟಿ ಎಲ್ಲ ಆಟಕ್ಕೂ ಒಂದೇ ಇರುವುದಿಲ್ಲ. ಎಲೆ ಅವೇ, ಬಣ್ಣ ಅದೇ, ಕುಣಿದು ಬೀಳುವ ನಾಣ್ಯ ಅದೇ. ಒಂದರಲ್ಲಿ ಒಂಬತ್ತು ಮತ್ತು ಆರು, ಇನ್ನೊಂದರಲ್ಲಿ ಎಂಟು ಮತ್ತು ಐದು. ಇದನ್ನು ತಮ್ಮನಿಗೆ ಕಲಿಸಿದವನು ಶಿರಹಟ್ಟಿಯ ಒಬ್ಬ. ಅಲ್ಲಿಯ ಸೀರೆ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಾನೆ. ಎಲ್ಲರೂ ಮಾಸ್ತರ ಎನ್ನುತ್ತಾರೆ, ಯಾವ ಸಾಲೆಯಲ್ಲೂ ಕಲಿಸಿದವನಲ್ಲ. ನನ್ನ ತಮ್ಮ ನಂಬಿಗಸ್ತನೆಂದು ಸಾವಕಾರರು ಅವನ ಕೈಯಲ್ಲೇ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳಿಗೆ ಸೀರೆ ಕಳಿಸುತ್ತಿದ್ದರು. ಸೀರೆ ಇಳಿಸಿ ಬರುವ ಬದಲು ಆ ಕಟ್ಟೆಯ ಮೇಲೆ ವಿದ್ಯೆ ಕಲಿತು ಬಂದ.

"ಇದು ಜೂಜಲ್ಲ ಅಕ್ಕಾ, ಲೆಕ್ಕ. ಒಂಬತ್ತು ಆರರ ಆಟ ಆರಿಸಿ, ತಪ್ಪದಂಗ ಆಡಿದರ, ಕಟ್ಟಿದ್ದು ಹತ್ತಿರ ಹತ್ತಿರ ಎಲ್ಲಾ ತಿರುಗಿ ಬರತೈತಿ. ಎಂಟು ಐದರದು ಮಬ್ಬಗೋಳು ಆಡೂದು."

"ಹತ್ತಿರ ಹತ್ತಿರ ಅಂದ್ರ?"

"ಅಂದ್ರ ಒಂದ್ ಚೂರು ಕಡಿಮಿ."

"ಆ ಚೂರು ಎಲ್ಲಿ ಹೋಗತೈತಿ?"

"ಏ ಬಿಡ, ಚೂರಿಗೆ ಏನ್ ಕೇಳತಿ."

ಅಲ್ಲಿಗೇ ನಿಲ್ಲಿಸಬೇಕಿತ್ತು. ಒಂದು ಸೀರೆಯಲ್ಲಿ ಚೂರು ನೂಲು ಹೋದರೆ ಯಾರಿಗೂ ತಿಳಿಯುವುದಿಲ್ಲ. ತಿರುಗಿ ಬಂದದ್ದನ್ನೇ ಮತ್ತೆ ಕಟ್ಟುವವನ ಕೈಯಿಂದ ಸಲಕ್ಕೊಂದು ಚೂರು ಹೋದರೆ ಕೊನೆಗೆ ಕೈಯೇ ಉಳಿಯುವುದಿಲ್ಲ. ಇದು ತಿಳಿಯದಷ್ಟು ದಡ್ಡಿ ನಾನಲ್ಲ. ಎಲ್ಲಕ್ಕಿಂತ ಒಳ್ಳೆಯ ಆಟ ಎಂದರೆ ಎಲ್ಲಕ್ಕಿಂತ ಮೆಲ್ಲಗೆ ಸುಲಿಯುವ ಆಟ. ತಿಳಿದೂ ಸುಮ್ಮನಾದೆ. ಯಾಕೆಂದರೆ ಮೂರನೇ ದಿನವೇ ನಾನೊಂದು ಕಳ್ಳತನ ಹಿಡಿದಿದ್ದೆ.

ಹಿಂದಿನ ದಿನ ಆಡಿದ ಆಟವನ್ನೇ ತೆರೆದಿದ್ದ. ಪಟ್ಟಿ ನೋಡಿ ಹೇಳಿದೆ: "ನಿನ್ನೆ ಒಂಬತ್ತಿತ್ತು. ಇವತ್ತ ಎಂಟೈತಿ."

"ಏ, ಅದನ ಆಟ ಅಕ್ಕಾ."

"ಆಟ ಅದನ. ಅಂಕಿ ಅದಲ್ಲ."

ಮೊಬೈಲನ್ನು ಕಣ್ಣಿಗೆ ಹತ್ತಿರ ಒಯ್ದ, ದೂರ ಒಯ್ದ, ಮಗಳನ್ನು ಕರೆದು ತೋರಿಸಿದ. ಎಂಟು. ಹೇಳದೆ ಕೇಳದೆ ಒಂದು ಕಿತ್ತಿದ್ದರು. ತಮ್ಮ ಹಣೆ ಬಡಿದುಕೊಂಡು, "ಅಕ್ಕಾ, ನಿನ್ನ ಕಣ್ಣು ಕಣ್ಣಲ್ಲ, ತಕ್ಕಡಿ!" ಎಂದ.

ಸೊಕ್ಕು ಬಂತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅರವತ್ತೆರಡು ವರ್ಷದಲ್ಲಿ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಅಂದಿನಿಂದ ನಾನು ಆಟ ಆರಿಸುವವಳಾದೆ. ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಿಂದ ಅವನು ಮಗಳ ಮೊಬೈಲಿಗೆ ಪಟ್ಟಿಯ ಚಿತ್ರ ಕಳಿಸುತ್ತಿದ್ದ, ನಾನು ರಾಟೆ ನಿಲ್ಲಿಸಿ ನೋಡಿ ಫೋನು ಮಾಡುತ್ತಿದ್ದೆ.

"ಒಂಬತ್ತೈತಿ, ಆದರ ಆರಿನ ಜಾಗಾದಾಗ ಐದೈತಿ. ಒಂದ್ ಕೈಲೆ ಕೊಟ್ಟು ಇನ್ನೊಂದ್ ಕೈಲೆ ಕಸಗೋತಾರ. ಬಿಡು ಅದನ್ನ."

"ಎರಡನೇದು?"

"ಎಂಟು ಐದು. ಅದು ಬರೇ ಭಿಕಾರಿ."

"ಮೂರನೇದು?"

"ಒಂಬತ್ತು. ಆರು. ಹೂಂ, ಇದು ಆದೀತು."

ಮಗಳು ಮಗ್ಗದಿಂದ ತಲೆ ಎತ್ತದೆ ಕೇಳಿದಳು, "ಅವ್ವಾ, ನೀನೂ ಕೂಡಿದೇನು?"

"ನಾ ಎಲ್ಲೇ ಆಡತೇನಿ? ನೋಡತೇನಿ ಅಷ್ಟ."

"ಕುಡುಕಗ ಛಲೋ ಅಂಗಡಿ ತೋರಿಸಿದಂಗಾತು."

"ಹಾಳ ಅಂಗಡ್ಯಾಗ ಕುಡದು ಸಾಯೂದು ಬ್ಯಾಡ ಅಂತ ತೋರಿಸೇನಿ."

ಮಗಳು ಲಾಳಿ ಎಸೆದಳು. ಅವಳು ಸಿಟ್ಟಾದರೆ ಮಗ್ಗದ ಸಪ್ಪಳ ಜೋರಾಗುತ್ತದೆ, ಅಷ್ಟೇ. ನೇಯ್ಗೆ ಕೆಡುವುದಿಲ್ಲ.

ಎಂಟು ತಿಂಗಳು ಹೀಗೇ ನಡೆಯಿತು. ಗೆದ್ದ ದಿನ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುತ್ತಿದ್ದ, ಸೋತ ದಿನ ಬಸ್ಸಿನಲ್ಲಿ ತಲೆನೋವು ಬಂತೆಂದು ಮಲಗುತ್ತಿದ್ದ. ತಲೆನೋವೇ ಹೆಚ್ಚಾಯಿತು. ನಾನು ಕೇಳಲಿಲ್ಲ. ಕೇಳಿದರೆ ನಾನು ಆರಿಸಿದ ಆಟ ಸೋತಿತು ಎಂದು ಒಪ್ಪಬೇಕಲ್ಲ.

ಈಗ ನನ್ನ ರಾಟೆಯ ಮಾತು. ಒಂದು ಸೀರೆಗೆ ಎಷ್ಟು ಕಂಡಿಕೆ ಹಿಡಿಯುತ್ತದೆ ಎಂದು ನನ್ನ ಬೆರಳಿಗೆ ಗೊತ್ತು. ತಮ್ಮನ ಬುಟ್ಟಿಗೆ ತುಂಬಿದಷ್ಟೂ ಹೋಗುತ್ತಿದ್ದವು, ಸೀರೆಯೂ ತೂಕಕ್ಕೆ ಸರಿಯಾಗಿ ಒಪ್ಪುತ್ತಿತ್ತು. ಆದರೆ ಒಂದು ಸೀರೆಗೆ ಅವನು ತೆಗೆದುಕೊಳ್ಳುವ ದಿನ ಕಡಿಮೆಯಾಗಿದ್ದವು. ಅಷ್ಟೇ ಕಂಡಿಕೆ, ಕಡಿಮೆ ದಿನ. ಕೈ ಚುರುಕಾಗಿದೆ ಎಂದುಕೊಂಡೆ. ಯಾವನೋ ಎಲ್ಲೋ ಕುಳಿತು ಒಂಬತ್ತರಲ್ಲಿ ಒಂದು ಕಿತ್ತದ್ದನ್ನು ಹಿಡಿದ ನನ್ನ ಕಣ್ಣಿಗೆ ಮೂರು ಮೊಳ ದೂರದ ಮಗ್ಗ ಕಾಣಲಿಲ್ಲ.

ಕಂಡದ್ದು ಕಣ್ಣಿಗಲ್ಲ, ಕೈಗೆ. ಅವತ್ತು ಬೆಳಿಗ್ಗೆ ಒಪ್ಪಿಸಬೇಕಾದ ಸೀರೆ ಗೂಡಿನಲ್ಲಿತ್ತು. ತಮ್ಮ ಸ್ನಾನಕ್ಕೆ ಹೋಗಿದ್ದ. ನಾನೇ ಬಟ್ಟೆಯಲ್ಲಿ ಕಟ್ಟಿಡೋಣವೆಂದು ಎತ್ತಿದೆ. ಮೇಲಿನ ಮಡಿಕೆ ಸರಿಯಾಗಿತ್ತು. ಒಳಗೆ ಕೈ ಹೋದಾಗ ಹಪ್ಪಳ ಮುಟ್ಟಿದ ಹಾಗಾಯಿತು. ಬಿಚ್ಚಿ ಕಿಟಕಿಗೆ ಹಿಡಿದೆ. ನಡುವಿನ ಮಡಿಕೆಗಳಲ್ಲಿ ರೇಷ್ಮೆಯ ಹೊಕ್ಕು, ಅಡ್ಡ ಎಳೆ, ಜರಡಿಯಂತೆ ಬಿಡುಬಿಡಾಗಿತ್ತು, ಆಚೆ ಮನೆಯ ಬಾಗಿಲು ಅದರೊಳಗಿಂದ ಕಾಣುತ್ತಿತ್ತು. ಹತ್ತು ಎಳೆ ಹಾಕುವಲ್ಲಿ ಏಳು ಹಾಕಿ, ಉಳಿಸಿದ ರೇಷ್ಮೆ ತೆಗೆದು, ಕಡಿಮೆಯಾದ ತೂಕಕ್ಕೆ ದಪ್ಪ ಗಂಜಿ ಬಳಿದಿದ್ದ. ಮೂಲೆ ನೋಡಿದೆ. ಗಂಟು ಹಸಿರು.

ಒದ್ದೆ ತಲೆಯಲ್ಲಿ ಬಂದ.

"ಲೇ, ಇದು ಯಾರ ಸೀರಿ?"

"ಯಾರದಂದ್ರ... ಆಕಿದು. ಗಂಟ ನೋಡು."

"ಆಕಿ ಇಲ್ಲೇ ಕುಂತಾಳ. ಕೇಳ್ಲೇನು?"

ಮಗಳು ಕುಣಿಯಿಂದ ಎದ್ದು ಬಂದಳು. ಸೀರೆಯನ್ನು ಬೆರಳುಗಳ ನಡುವೆ ಉಜ್ಜಿದಳು. ಒಣಗಿದ ಸುಣ್ಣದ ಹಾಗೆ ಗಂಜಿ ಪುಡಿಪುಡಿಯಾಗಿ ಉದುರಿತು. ಮದುವೆಗೆ ಮೊದಲು ಮಾಮಾ ಎನ್ನುತ್ತಿದ್ದವಳು ಈಗಲೂ ಹಾಗೇ ಕರೆಯುತ್ತಾಳೆ.

"ಗಂಟು ನಂದೈತಿ. ಕೈ ನಂದಲ್ಲ, ಮಾಮಾ."

"ನಿನ್ನ ಗಂಟಿದ್ದರ ಅವರು ಬಿಚ್ಚಂಗಿಲ್ಲಲ್ಲ, ಅದಕ್ಕ..." ಎಂದು ಅವನೇ ಬಾಯಿ ಬಿಟ್ಟ.

"ಎಷ್ಟು ಸೀರಿ?" ನಾನು ಕೇಳಿದೆ.

"ಐದು."

"ಇದನ್ನ ಹಿಡದೋ, ಬಿಟ್ಟೋ?"

"ಇದು ಆರನೇದು. ಅಕ್ಕಾ, ಸ್ವಲ್ಪ ತಡಿ. ಶಿರಹಟ್ಟಿ ಮಾಸ್ತರ ಒಂದು ಹೊಸಾ ಆಟ ಹುಡುಕ್ಯಾನ. ಒಂಬತ್ತೂ ಐತಿ, ಆರೂ ಐತಿ. ಎಲ್ಲಾ ರೇಷ್ಮಿ ಹೊಳ್ಳಿ ತಂದು ಇಡತೇನಿ."

"ರೇಷ್ಮಿ ಎಲ್ಲೇ ಮಾರಿದಿ?"

"ಮುಂಡರಗ್ಯಾಗ."

"ಯಾರಿಗೆ?"

ತಲೆ ಒರೆಸಿಕೊಳ್ಳತೊಡಗಿದ. ಬುಟ್ಟಿ ಎತ್ತಿ ಅವನ ಮೇಲೆ ಎಸೆದೆ. ಕಂಡಿಕೆಗಳೆಲ್ಲ ಉರುಳಿ ಎರಡೂ ಮಗ್ಗದ ಕುಣಿಗೆ ಬಿದ್ದವು. ಆಗ ಅವನಿಗೂ ಸಿಟ್ಟು ಬಂತು.

"ನನ್ನೊಬ್ಬನ್ನ ಯಾಕ ಬೈತಿ? ಆಟ ಆರಿಸಿ ಕೊಟ್ಟಾಕಿ ಯಾರು? 'ಹೂಂ, ಇದು ಆದೀತು' ಅಂದಾಕಿ ಯಾರು? ನೀ ಬ್ಯಾಡ ಅಂದ ಆಟ ಒಂದರೆ ಆಡೇನೇನು?"

ಕಳ್ಳನ ಬಾಯಲ್ಲಿ ಖರೆ ಮಾತು ಬಂದರೆ ಅದಕ್ಕಿಂತ ಕೆಟ್ಟದ್ದು ಇಲ್ಲ. ಮುಷ್ಟಿ ಬಿಗಿದು ಅವನ ಬೆನ್ನಿಗೆ ಎರಡು ಕೊಟ್ಟೆ. ನಲವತ್ತೇಳು ವರ್ಷದ ಗಂಡಸು, ಬಗ್ಗಿ ಬೆನ್ನು ಕೊಟ್ಟ. ಆಮೇಲೆ ದನಿ ಇಳಿಸಿ, "ಇದೊಂದು ಒಪ್ಪಿಸಿ ಬಿಡೂಣು ಅಕ್ಕಾ. ಇನ್ನ ಮುಂದ ಇಲ್ಲ. ನಿನ್ನ ಆಣಿ," ಎಂದ.

ಮಗಳ ಮುಖ ನೋಡಿದೆ. ಅವಳು ಕುಣಿಗೆ ಇಳಿದು ಬಿದ್ದ ಕಂಡಿಕೆಗಳನ್ನು ಒಂದೊಂದೇ ಆರಿಸುತ್ತಿದ್ದಳು. ಹಸಿರು ಗಂಟಿನ ಐದು ಸೀರೆ ಆಗಲೇ ಹೊರಗೆ ಹೋಗಿದ್ದವು. ಇಂದಲ್ಲ ನಾಳೆ ಲಕ್ಷ್ಮೇಶ್ವರದಲ್ಲೋ ಮುಂಡರಗಿಯಲ್ಲೋ ಯಾವಳೋ ಒಬ್ಬಳು ಮೊದಲ ಸಲ ನೀರಿಗೆ ಹಾಕುತ್ತಾಳೆ, ಗಂಜಿ ಬಿಡುತ್ತದೆ, ಸೀರೆ ಅಂಗಡಿಗೆ ವಾಪಸು ಬರುತ್ತದೆ. ಆಗ ಸಾವಕಾರರು ಗಂಟು ನೋಡುತ್ತಾರೆ. ಅವತ್ತು ನಾವು ಏನು ಹೇಳಿದರೂ ಗಂಡನ ತಪ್ಪು ಮುಚ್ಚಲು ಹೇಳಿದ್ದೋ, ಹೆಂಡತಿಯ ತಪ್ಪು ಮುಚ್ಚಲು ಹೇಳಿದ್ದೋ ಯಾರಿಗೆ ಗೊತ್ತಾಗಬೇಕು? ಅವರು ಕಂಡುಹಿಡಿಯುವ ಮೊದಲು ನಾವೇ ಹೇಳಬೇಕಿತ್ತು. ಸೀರೆ ಬಗಲಲ್ಲಿ ಇಟ್ಟುಕೊಂಡು ಚಪ್ಪಲಿ ಮೆಟ್ಟಿದೆ.

"ಅಕ್ಕಾ, ನನ್ನ ಬೀದಿಗೆ ತರಬ್ಯಾಡ."

"ನೀ ಆಕಿನ್ನ ತಂದಾಗೈತಿ. ಸರಿ ಅತ್ಲಾಗ."

ಸಾವಕಾರರು ತಕ್ಕಡಿಯ ಮುಂದೆ ಕುಳಿತಿದ್ದರು. ಇನ್ನಿಬ್ಬರು ನೇಕಾರರೂ ಸರದಿಗೆ ಕಾಯುತ್ತಿದ್ದರು.

"ಏನ್ ಯವ್ವಾ, ನೀವ ಬಂದ್ರಿ? ಕುಂಡ್ರಿ. ತಮ್ಮ ಎಲ್ಲಿ ಹೋದ?"

"ಕುಂಡ್ರಾಕ ಬಂದಿಲ್ಲರಿ. ಇದನ್ನ ತೂಗೂಕಿಂತ ಮೊದಲ ಬಿಚ್ಚಿ ನೋಡ್ರಿ."

"ಹಸರ ಗಂಟೈತಿ. ಏನ್ ನೋಡೂದು?"

"ಅದಕ್ಕ ಹೇಳಾಕತ್ತೇನಿ, ಬಿಚ್ರಿ."

ಬಿಚ್ಚಿದರು. ನಾನು ಅಲ್ಲಿದ್ದ ತಂಬಿಗೆಯ ನೀರಿನಲ್ಲಿ ಕೈ ಅದ್ದಿ ನಡುವಿನ ಮಡಿಕೆ ಉಜ್ಜಿದೆ. ಅಂಟಂಟಾಗಿ ಬೆರಳಿಗೆ ಬಂತು. ಕಾಯುತ್ತಿದ್ದ ಇಬ್ಬರೂ ಎದ್ದು ನಿಂತರು, ಹೋಗಲೂ ಇಲ್ಲ. ಅವರು ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ. ನೇಯ್ದವನು ನನ್ನ ತಮ್ಮ. ಗಂಟು ಕದ್ದವನೂ ಅವನೇ. ಇಂಥವು ಇನ್ನೂ ಐದು ಹೋಗಿವೆ, ತರಿಸಿರಿ. ಮಗಳಿಗೆ ಇವತ್ತು ಬೆಳಿಗ್ಗೆಯವರೆಗೆ ಗೊತ್ತಿರಲಿಲ್ಲ.

"ಯಾಕ ಮಾಡಿದ ಯವ್ವಾ? ಕುಡಿಯೂದಿಲ್ಲ, ಸೇದೂದಿಲ್ಲ..."

"ಮೊಬೈಲಿನ್ಯಾಗ ಇಸ್ಪೀಟು ಆಡತಾನ. ಯಾವ ಆಟ ಛಲೋ ಐತಿ ಅಂತ ಆರಿಸಿ ಕೊಟ್ಟಾಕಿ ನಾನು."

ಕಾಯುತ್ತಿದ್ದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಸಾವಕಾರರೂ ಬಾಯಿಗೆ ಕೈ ಅಡ್ಡ ಹಿಡಿದರು. "ನೀವು? ಇಸ್ಪೀಟು ಆರಿಸಿದ್ರಿ?"

"ನಗ್ರಿ. ನಕ್ಕು ಮುಗಿಸಿ ಹೇಳ್ರಿ, ನನ್ನ ಮಗಳಿಗೆ ನೂಲು ಕೊಡತೀರೋ ಇಲ್ಲೋ?"

ನಗು ನಿಂತಿತು. ಅವರು ತಕ್ಕಡಿಯಲ್ಲಿದ್ದ ತೂಕದ ಬೊಟ್ಟುಗಳನ್ನು ಒಂದೊಂದಾಗಿ ಇಳಿಸಿಟ್ಟರು. "ನೀವಾಗಿ ಬಂದ್ರಿ ಅಂತ ಹೇಳತೇನಿ. ಆಕಿ ಮಗ್ಗಕ್ಕ ಕೊಡತೇನಿ. ಅವನ ಮಗ್ಗಕ್ಕ ಇವತ್ತಿಂದ ಇಲ್ಲ. ಹೋದ ರೇಷ್ಮಿ ಕೂಲ್ಯಾಗ ಮುರಕೋತೇನಿ. ಮತ್ತ... ಆಕಿ ಸೀರಿನೂ ಇನ್ನ ಮುಂದ ಬಿಚ್ಚಿ ನೋಡಬೇಕಾಗತೈತಿ ಯವ್ವಾ. ನನ್ನ ಮನಿ ನಾ ನೋಡಕೋಬೇಕು."

ನ್ಯಾಯವಾಗಿಯೇ ಹೇಳಿದರು. ನನಗೆ ಅದಕ್ಕೂ ಮೈ ಉರಿಯಿತು.

ಮರುದಿನ ಅವರ ಆಳು ಕತ್ತರಿ ಹಿಡಿದು ಬಂದ. ತಮ್ಮನ ಮಗ್ಗದಲ್ಲಿ ಅರ್ಧ ನೇಯ್ದ ಸೀರೆ ಇತ್ತು. ಮಗ್ಗದ ಮೇಲಿನ ಹಾಸನ್ನು, ಉದ್ದ ಎಳೆಗಳನ್ನು, ಮುಗಿಯುವ ಮೊದಲು ಕತ್ತರಿಸುವುದನ್ನು ನಾನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ. ಸಾವು ಆದ ಮನೆಯಲ್ಲೂ ನೇಯ್ದು ಮುಗಿಸಿ ಕೊಡುತ್ತೇವೆ. ಕತ್ತರಿ ಆಡಿದಾಗ ಬಿಗಿಯಾಗಿದ್ದ ಎಳೆಗಳು ಟಪಟಪ ಹಿಂದಕ್ಕೆ ಹಾರಿದವು. ತಮ್ಮ ಹೊರಗೆ ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಅಳುತ್ತಿದ್ದನೋ ಏನೋ, ನೋಡಲು ಹೋಗಲಿಲ್ಲ.

ಈಗ ಹರ್ತಿಯಲ್ಲಿ ಒಬ್ಬರ ಹೊಲಕ್ಕೆ ಕೂಲಿಗೆ ಹೋಗುತ್ತಾನೆ. ದೊಡ್ಡ ಮೊಬೈಲು ಕಸಿದುಕೊಂಡು ಗುಂಡಿ ಒತ್ತುವಂಥದ್ದು ಕೊಟ್ಟಿದ್ದೇವೆ. ಮೊನ್ನೆ ರೊಟ್ಟಿ ತಿನ್ನುತ್ತಾ, "ಅಕ್ಕಾ, ಆ ಆಟ ಬಂದ್ ಆಗ್ಯಾವಂತ," ಎಂದ.

"ಛಲೋ ಆತು."

"ಬ್ಯಾರೆ ಹೆಸರಿಲೆ ಬಂದಾವಂತ ಮತ್ತ. ಮಾಸ್ತರ ಹೇಳಿದ. ಒಂಬತ್ತು ಕೊಡತಾರಂತ."

ಕೈಯಲ್ಲಿ ಪಲ್ಯದ ಸೌಟು ಇತ್ತು. ಹೊಡೆಯಲಿಲ್ಲ. ಸಿಟ್ಟು ಕಡಿಮೆಯಾಗಿ ಅಲ್ಲ, ಅವನು ಹೇಳಿದ ಕೂಡಲೇ ನನ್ನ ಬಾಯಿಗೆ "ಆರೂ ಐತೇನು?" ಎಂಬ ಮಾತು ಬಂದುಬಿಟ್ಟಿತ್ತು. ಹಲ್ಲು ಕಚ್ಚಿ ನುಂಗಿದೆ. ಅವನಿಗೆ ಪಲ್ಯ ಹಾಕಲಿಲ್ಲ. ಬರೀ ರೊಟ್ಟಿ ತಿಂದು ಎದ್ದ.

ಮಗಳು ಕತ್ತರಿಸಿದ ಮಗ್ಗದ ಪಕ್ಕದಲ್ಲೇ ಕುಳಿತು ನೇಯುತ್ತಾಳೆ. ಮೊದಲ ಸೀರೆ ಒಪ್ಪಿಸಲು ತಾನೇ ಹೋದಳು, ನಾನೂ ಜತೆಗೆ ಹೋದೆ. ಸಾವಕಾರರು ಪೂರ್ತಿ ಬಿಚ್ಚಿದರು. ಎಳೆ ಎಣಿಸುವ ಭೂತಗನ್ನಡಿ ಇಟ್ಟು ಸೆರಗಿನಲ್ಲಿ ಒಮ್ಮೆ, ಒಡಲಿನಲ್ಲಿ ನಾಲ್ಕು ಕಡೆ ಎಣಿಸಿದರು. ಮೂಗಿನ ಹತ್ತಿರ ಹಿಡಿದು ಗಂಜಿ ಮೂಸಿದರು. ಬೇರೆ ನೇಕಾರರು ಬಂದು ತೂಗಿಸಿ ಹೋದರು, ನಾವು ನಿಂತೇ ಇದ್ದೆವು. ಮಗಳು ಕೈ ಕಟ್ಟಿ ನಿಂತಿದ್ದಳು, ಸೆರಗು ಸಹ ಸರಿ ಮಾಡಿಕೊಳ್ಳಲಿಲ್ಲ.

"ಸರಿ ಐತವ್ವಾ," ಎಂದರು ಕೊನೆಗೆ, ಸೀರೆ ಮಡಿಸುತ್ತಾ.

"ಸರಿ ಇಲ್ಲದ್ದು ಯಾವತ್ತ ಕೊಟ್ಟೇನಿರಿ?" ಎಂದಳು. ಅವರು ಮುಂದಿನ ಸೀರೆಗೆ ನೂಲು ತೂಗಿ ಕೊಟ್ಟರು.

ಆಟೋ ಬೇಡವೆಂದಳು, ನಡೆದೆವು. ಓಣಿಯ ತಿರುವಿನಲ್ಲಿ ನಿಂತು ಹೇಳಿದಳು:

"ನಾ ಕದ್ದಿಲ್ಲ ಅಂತ ಅವರಿಗೆ ಗೊತ್ತೈತಿ, ಅವ್ವಾ. ಗೊತ್ತಿದ್ದೂ ಎಣಸತಾರ."

"ಎಣಸಲಿ. ಎಣಿಸಿ ಎಣಿಸಿ ಬ್ಯಾಸತ್ತು ಬಿಡತಾರ."

"ಎಷ್ಟು ವರ್ಷಕ್ಕ?"

ಮನೆಗೆ ಬಂದು ಸೀದಾ ಕುಣಿಗೆ ಇಳಿದಳು, ನೀರು ಸಹ ಕುಡಿಯಲಿಲ್ಲ. ಕಂಡಿಕೆ ಬೇಕೆಂದು ಕೈ ಚಾಚಿದಳು, ನನ್ನ ಕಡೆ ನೋಡದೆ. ಕೊಟ್ಟೆ.